ಹೆಸರು ಮೊದಲೋ, ಕಥೆ ಮೊದಲೋ?

ಪ್ರಶ್ನೆ ಇಷ್ಟೇ. ಕಾದಂಬರಿಯ ಹೆಸರು ಓದುಗರ ಮೊದಲ ಅನಿಸಿಕೆಯನ್ನು ಕಟ್ಟುತ್ತದೆಯೇ? ಪುಟ ತೆರೆಯುವ ಮೊದಲೇ ನಾವು ಹೇಗೆ ಓದಬೇಕು ಅಂತ ಅದು ತೀರ್ಮಾನಿಸಿಬಿಡುತ್ತದೆಯೇ? ಇಬ್ಬರು ಓದುಗರು, ಎರಡು ಉತ್ತರ.

ಪರ: ಹೆಸರೇ ಕಾದಂಬರಿಯ ಮೊದಲ ಸಾಲು

ನಾನು ಬಯಲುಸೀಮೆಯವನು. ಹೈಸ್ಕೂಲಿನಲ್ಲಿದ್ದಾಗ ಶಾಲೆಯ ಬೀರುವಿನಿಂದ ಶಿವರಾಮ ಕಾರಂತರ ‘ಚೋಮನ ದುಡಿ’ ಕೈಗೆ ಬಂತು. ದುಡಿ ಅಂತ ಒಂದು ವಾದ್ಯ ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ನಮ್ಮ ಕಡೆ ತಮಟೆ ಇದೆ, ಉರುಮೆ ಇದೆ, ಡೊಳ್ಳು ಇದೆ. ದುಡಿ ಇಲ್ಲ. ನಮಗೆ ದುಡಿ ಅಂದರೆ ಕೆಲಸ ಮಾಡು ಅಂತ. ‘ದುಡಿದು ತಿನ್ನೋದು ಕಲಿ’ ಅಂತ ಅಪ್ಪ ಹೇಳುತ್ತಿದ್ದರಲ್ಲ, ಅದೇ ದುಡಿ. ಹಾಗಾಗಿ ಚೋಮ ಅನ್ನುವ ಒಬ್ಬ ದುಡಿಯುವವನ ಕಥೆ ಇದು ಅಂದುಕೊಂಡೇ ಮೊದಲ ಪುಟ ತೆರೆದೆ.

ಓದುತ್ತಾ ಹೋದಂತೆ ಗುಡಿಸಲಿನಿಂದ ವಾದ್ಯದ ಸದ್ದು ಬಂತು. ಓ, ದುಡಿ ಅಂದರೆ ಇದು! ತಪ್ಪು ತಿಳಿದಿದ್ದೆ ಅಂತ ಗೊತ್ತಾಯಿತು. ಆದರೆ ಆ ಮೊದಲ ಅರ್ಥ ಮನಸ್ಸಿನಿಂದ ಹೋಗಲಿಲ್ಲ. ಹೋಗಬೇಕಾಗಿಯೂ ಇರಲಿಲ್ಲ. ಯಾಕಂದರೆ ಚೋಮನ ಬದುಕು ಈ ಎರಡು ದುಡಿಗಳ ನಡುವೆಯೇ ಇದೆ. ಹಗಲೆಲ್ಲ ಧಣಿಗೆ ದುಡಿಯುತ್ತಾನೆ, ರಾತ್ರಿ ದುಡಿ ಬಾರಿಸುತ್ತಾನೆ. ಅವನಿಗೆ ಬೇಕಿದ್ದದ್ದು ಒಂದು ತುಂಡು ಭೂಮಿ. ಉಳಲು ಎರಡು ಎತ್ತು ಕೂಡ ಇವೆ. ಆದರೆ ಅವನ ಜಾತಿಯವರು ಸ್ವಂತ ಬೇಸಾಯ ಮಾಡಬಾರದು ಅನ್ನುವ ಕಟ್ಟಳೆ. ಸಿಟ್ಟು ಬಂದರೂ ದುಡಿ, ಖುಷಿ ಬಂದರೂ ದುಡಿ. ಅವನದು ಅಂತ ಇರುವುದು ಅದೊಂದೇ.

1933ರಲ್ಲಿ ಕಾರಂತರು ಈ ಪುಸ್ತಕಕ್ಕೆ ‘ಚೋಮನ ಹೊಲ’ ಅಂತ ಹೆಸರಿಟ್ಟಿದ್ದರೆ ಹೇಗಿರುತ್ತಿತ್ತು? ನಾವು ಪುಟಪುಟಕ್ಕೂ ಹೊಲಕ್ಕಾಗಿ ಕಾಯುತ್ತಿದ್ದೆವು. ಸಿಗುತ್ತದೋ ಇಲ್ಲವೋ ಅನ್ನುವುದೇ ಕಥೆಯಾಗುತ್ತಿತ್ತು. ದುಡಿ ಅಂತ ಇಟ್ಟಿದ್ದರಿಂದ ನಮ್ಮ ಕಣ್ಣು ಹೊಲದ ಕಡೆ ಇದ್ದರೂ ಕಿವಿ ಗುಡಿಸಲಿನ ಕಡೆಗೇ ಇರುತ್ತದೆ. ಸದ್ದು ಬಂದಾಗಲೆಲ್ಲ ಎದೆ ನಡುಗುತ್ತದೆ. ಕೊನೆಗೆ ಆ ಸದ್ದು ನಿಲ್ಲುವಾಗ ಏನಾಯಿತು ಅಂತ ಯಾರೂ ನಮಗೆ ವಿವರಿಸಬೇಕಾಗಿಲ್ಲ. ಇದನ್ನೆಲ್ಲ ಮಾಡಿದ್ದು ಹೊದಿಕೆಯ ಮೇಲಿನ ಎರಡು ಪದ.

ಅದಕ್ಕೇ ನಾನು ಹೇಳುವುದು, ಹೆಸರು ಪುಸ್ತಕದ ಮೇಲೆ ಅಂಟಿಸಿದ ಚೀಟಿಯಲ್ಲ. ಅದು ಕಾದಂಬರಿಯ ಮೊದಲ ಸಾಲು. ಉಳಿದ ಸಾಲುಗಳನ್ನು ಒಮ್ಮೆ ಓದಿ ಮುಂದೆ ಹೋಗುತ್ತೇವೆ. ಈ ಒಂದು ಸಾಲನ್ನು ಮಾತ್ರ ಪುಸ್ತಕ ಕೈಗೆತ್ತಿಕೊಂಡಾಗಲೆಲ್ಲ ಮತ್ತೆ ಓದುತ್ತೇವೆ. ಮಧ್ಯಾಹ್ನ ಮಡಚಿಟ್ಟು ರಾತ್ರಿ ತೆಗೆದರೆ ಮತ್ತೆ ಅದೇ ಸಾಲು.

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ನೋಡಿ. ಈ ಪದ ಗೊತ್ತಿಲ್ಲದ ಕನ್ನಡ ಮನೆ ಯಾವುದಿದೆ? ಹೆಣಕ್ಕೆ ಮಾಡುವುದೂ ಸಂಸ್ಕಾರ. ಒಳ್ಳೆಯ ನಡತೆಯೂ ಸಂಸ್ಕಾರ. ಮಕ್ಕಳು ಎದುರು ಮಾತಾಡಿದರೆ ‘ಸಂಸ್ಕಾರ ಇಲ್ಲದವನು’ ಅಂತ ಬೈಯುತ್ತೇವೆ. ಹೋದ ಜನ್ಮದಿಂದ ಬಂದ ಗುಣಕ್ಕೂ ಅದೇ ಪದ. ಇಷ್ಟೂ ಅರ್ಥಗಳನ್ನು ಬಾಯಲ್ಲಿ ಇಟ್ಟುಕೊಂಡೇ ನಾವು ದೂರ್ವಾಸಪುರದ ಅಗ್ರಹಾರದೊಳಗೆ ಕಾಲಿಡುತ್ತೇವೆ. ಅಲ್ಲಿ ನಾರಣಪ್ಪ ಸತ್ತಿದ್ದಾನೆ. ಜಾತಿಯ ಕಟ್ಟಳೆಗಳನ್ನೆಲ್ಲ ಮುರಿದು ಬದುಕಿದವನು. ಅವನ ಸಂಸ್ಕಾರ ಯಾರು ಮಾಡಬೇಕು? ಅದಾಗುವ ತನಕ ಅಗ್ರಹಾರದಲ್ಲಿ ಯಾರೂ ಊಟ ಮಾಡುವಂತಿಲ್ಲ. ಪ್ರಾಣೇಶಾಚಾರ್ಯರು ಗ್ರಂಥಗಳನ್ನು ತಿರುವಿ ಹಾಕುತ್ತಾರೆ, ಉತ್ತರ ಸಿಗುವುದಿಲ್ಲ.

ಹೆಸರು ಕೆಲಸ ಮಾಡುವುದು ಇಲ್ಲೇ. ಮೊದಲು ಪ್ರಶ್ನೆ ಹೆಣದ ಸಂಸ್ಕಾರದ್ದು. ಸ್ವಲ್ಪ ಹೊತ್ತಿಗೆ ಸುತ್ತ ಕೂತ ಬ್ರಾಹ್ಮಣರ ಕಡೆ ನೋಡುತ್ತೇವೆ. ಸತ್ತವನ ಜೊತೆ ಬಾಳಿದ ಚಂದ್ರಿ ಬಿಚ್ಚಿಟ್ಟ ಚಿನ್ನದ ಮೇಲೆ ಇವರ ಕಣ್ಣು ಬಿದ್ದಿದೆ. ಇವರಿಗೆ ಸಂಸ್ಕಾರ ಇದೆಯಾ? ಆಮೇಲೆ ಕಣ್ಣು ಆಚಾರ್ಯರ ಕಡೆ ತಿರುಗುತ್ತದೆ. ಕತ್ತಲಲ್ಲಿ ಚಂದ್ರಿಯ ಜೊತೆ ಆದದ್ದು ಅವರ ಯಾವ ಸಂಸ್ಕಾರ? ಕಾದಂಬರಿಯಲ್ಲಿ ಈ ಮಾತನ್ನು ಯಾರೂ ಬಿಡಿಸಿ ಕೇಳಬೇಕಾಗಿಲ್ಲ. ಹೊದಿಕೆಯ ಮೇಲಿನ ಒಂದೇ ಪದ ಒಳಗೆ ಕೂತು ಕೇಳುತ್ತಲೇ ಇರುತ್ತದೆ. ಹೆಣದ ಸಂಸ್ಕಾರವನ್ನು ಕೊನೆಗೆ ಯಾರು ಮಾಡಿಸಿದರು ಅಂತ ಗೊತ್ತಾದಾಗ ಆ ಪದ ಮತ್ತೊಂದು ಸಲ ಹೊರಳುತ್ತದೆ.

ಇದಕ್ಕೊಂದು ಸಾಕ್ಷಿಯೂ ಇದೆ. ಎ.ಕೆ. ರಾಮಾನುಜನ್ ಇದನ್ನು ಇಂಗ್ಲಿಷಿಗೆ ತಂದಾಗ ಹೆಸರನ್ನು ಅನುವಾದ ಮಾಡಲಿಲ್ಲ. ಹಾಗೇ ಉಳಿಸಿಕೊಂಡು, ಕೆಳಗೆ ‘ಸತ್ತವನಿಗೊಂದು ವಿಧಿ’ ಅನ್ನುವ ಅರ್ಥದ ಉಪಶೀರ್ಷಿಕೆ ಕೊಟ್ಟರು. ಕಥೆ ಶುರುವಾಗುವ ಮೊದಲು ನಿಘಂಟಿನಿಂದ ಆ ಪದದ ಅರ್ಥಗಳನ್ನು ತೆಗೆದು ಮುಂದಿಟ್ಟರು. ಕನ್ನಡದ ಓದುಗರಿಗೆ ಸುಮ್ನೆ ಸಿಕ್ಕಿದ್ದನ್ನು ಇಂಗ್ಲಿಷ್ ಓದುಗರಿಗೆ ಮೊದಲೇ ತುಂಬಿಕೊಡಬೇಕಾಯಿತು. ಹೆಸರಿಗೆ ಅಷ್ಟು ಕೆಲಸ ಇಲ್ಲದಿದ್ದರೆ ಅನುವಾದಕರು ಇಷ್ಟು ಶ್ರಮ ಪಡುತ್ತಿದ್ದರಾ?

ಕೆಲವು ಹೆಸರುಗಳು ಕೊನೆಯನ್ನೇ ಹೇಳಿಬಿಡುತ್ತವೆ. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ಅಂಥದ್ದು. ಮನೆ ಮುರಿಯುತ್ತದೆ ಅಂತ ಹೊದಿಕೆಯಲ್ಲೇ ಗೊತ್ತು. ಹಾಗಿದ್ದರೂ ನಾನು ನಂಜಮ್ಮನ ಜೊತೆ ಆಸೆ ಇಟ್ಟುಕೊಂಡೇ ಓದಿದೆ. ಕೈಲಾಗದ ಗಂಡನ ಶಾನುಭೋಗಿಕೆಯ ಲೆಕ್ಕವನ್ನು ಅವಳೇ ಕೂತು ಬರೆಯುತ್ತಾಳೆ. ಮುತ್ತುಗದ ಎಲೆ ಹಚ್ಚಿ ಮಾರುತ್ತಾಳೆ. ಮಕ್ಕಳನ್ನು ಓದಿಸುತ್ತಾಳೆ. ಒಂದೊಂದು ಸಲ ಇನ್ನೇನು ಎದ್ದು ನಿಂತಳು ಅನ್ನಿಸುತ್ತದೆ. ಆಗ ಪುಸ್ತಕ ಮಡಚಿದರೆ ಎದುರಿಗೆ ‘ಗೃಹಭಂಗ’. ಹೊಟ್ಟೆಯೊಳಗೆ ತಣ್ಣಗಾಗುತ್ತದೆ. ಪ್ಲೇಗು ಊರಿಗೆ ಬರುವ ಎಷ್ಟೋ ಮೊದಲೇ ನಾನು ಹೆದರಿಕೊಂಡು ಕೂತಿದ್ದೆ. ಹೆಸರು ಬೇರೆ ಆಗಿದ್ದರೆ ಆ ಸಾವುಗಳು ಸಿಡಿಲಿನ ಹಾಗೆ ಬರುತ್ತಿದ್ದವು. ಈ ಹೆಸರಿನಿಂದ ಅವು ದಿನವೂ ಹತ್ತಿರ ಬರುತ್ತಿರುವ ಹಾಗಿದ್ದವು. ತ.ರಾ.ಸು. ಅವರ ‘ದುರ್ಗಾಸ್ತಮಾನ’ವೂ ಹೀಗೇ. ಚಿತ್ರದುರ್ಗ ಬಿದ್ದೇ ಬೀಳುತ್ತದೆ ಅಂತ ಗೊತ್ತಿದ್ದೂ ಮದಕರಿ ನಾಯಕನ ಒಂದೊಂದು ಗೆಲುವಿಗೂ ಕುಣಿಯುತ್ತೇವೆ.

ಭೈರಪ್ಪನವರದೇ ‘ವಂಶವೃಕ್ಷ’ ಇದಕ್ಕೆ ಉಲ್ಟಾ. ಅದೂ ‘ಸಂಸ್ಕಾರ’ದ ಹಾಗೆ 1965ರ ಪುಸ್ತಕ. ಹೆಸರು ಕೇಳಿದರೆ ಹಿರಿಯರು, ಗೋತ್ರ, ಗೋಡೆಗೆ ನೇತುಹಾಕಿದ ವಂಶಾವಳಿ ಎಲ್ಲ ಕಣ್ಣ ಮುಂದೆ ಬರುತ್ತದೆ. ಶ್ರೀನಿವಾಸ ಶ್ರೋತ್ರಿಗಳ ಹೆಮ್ಮೆಯೂ ಅದೇ. ಆ ಮರದ ಬೇರಿಗೇ ಕೊಡಲಿ ಬೀಳುವಾಗ ಅವರಷ್ಟೇ ಅಲ್ಲ, ಹೆಸರನ್ನು ನಂಬಿದ್ದ ನಾವೂ ಅಲುಗಾಡುತ್ತೇವೆ. ಮೊದಲ ಅನಿಸಿಕೆಯನ್ನು ಹೆಸರು ಅಷ್ಟು ಗಟ್ಟಿಯಾಗಿ ಕಟ್ಟಿರದಿದ್ದರೆ ಆ ಪೆಟ್ಟು ಅಷ್ಟು ಜೋರಾಗಿ ಬೀಳುತ್ತಿರಲಿಲ್ಲ.

ನಮ್ಮ ಹಳಬರಿಗೂ ಇದು ಗೊತ್ತಿತ್ತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನ್ನುವ ಗುಲ್ವಾಡಿ ವೆಂಕಟರಾಯರ ಪುಸ್ತಕ ಬಂದದ್ದು 1899ರಲ್ಲಿ. ಅದರ ಪೂರ್ತಿ ಹೆಸರು ‘ಇಂದಿರಾಬಾಯಿ ಅಥವಾ ಸದ್ಧರ್ಮವಿಜಯ’. ವಿಧವೆಯಾದ ಹುಡುಗಿ ಓದು ಕಲಿತು ಮರುಮದುವೆ ಆಗುವ ಕಥೆ. ಆ ಕಾಲಕ್ಕೆ ಎಷ್ಟು ಧೈರ್ಯ ಬೇಕು ಯೋಚಿಸಿ. ಪುಸ್ತಕ ತೆರೆಯುವ ಮೊದಲೇ ಓದುಗ ಬಾಗಿಲು ಹಾಕಿಕೊಂಡುಬಿಡಬಹುದಿತ್ತು. ಆದರೆ ಇದು ಧರ್ಮ ಮುರಿಯುವ ಕಥೆ ಅಲ್ಲ, ಒಳ್ಳೆಯ ಧರ್ಮ ಗೆಲ್ಲುವ ಕಥೆ ಅಂತ ಹೆಸರೇ ಮೊದಲು ಹೇಳುತ್ತದೆ. ಆ ‘ಅಥವಾ’ ಅನ್ನುವ ಪದ ಬಾಗಿಲಲ್ಲಿ ನಿಂತು ಕೈಮುಗಿದು ಒಳಗೆ ಕರೆಯುತ್ತಿದೆ ಅಂತಲೇ ನನಗೆ ಅನ್ನಿಸುತ್ತದೆ. 1915ರಲ್ಲಿ ಎಂ.ಎಸ್. ಪುಟ್ಟಣ್ಣನವರು ‘ಮಾಡಿದ್ದುಣ್ಣೋ ಮಹಾರಾಯ’ ಅಂತ ಗಾದೆಯನ್ನೇ ಹೆಸರಾಗಿಟ್ಟರು. ಗಾದೆ ಗೊತ್ತಿದ್ದವನಿಗೆ ಕಥೆಯ ದಾರಿಯೂ ಗೊತ್ತು.

ಇನ್ನು ಕುವೆಂಪು. ‘ಮಲೆಗಳಲ್ಲಿ ಮದುಮಗಳು’ ಅನ್ನುವ ಹೆಸರನ್ನು ಒಮ್ಮೆ ನಿಧಾನವಾಗಿ ಹೇಳಿ ನೋಡಿ. ಮಲೆನಾಡಿನ ಮದುಮಗಳು ಅಂತ ಅಲ್ಲ. ಮಲೆಗಳು ಹಲವು, ಮದುಮಗಳು ಒಬ್ಬಳು. ಮೊದಲು ಬೆಟ್ಟಗಳು ಬರುತ್ತವೆ, ಆಮೇಲೆ ಹುಡುಗಿ. ದಟ್ಟ ಕಾಡಿನ ನಡುವೆ ಎಲ್ಲೋ ಒಂದು ಕೆಂಪು ಸೀರೆ ಕಂಡ ಹಾಗೆ. ಕಾದಂಬರಿ ಪೂರ್ತಿ ನಮ್ಮ ನೋಟ ಇರುವುದೂ ಹಾಗೆಯೇ. ಮನುಷ್ಯರು ಚಿಕ್ಕವರು, ಕಾಡು ದೊಡ್ಡದು. ಇಂಗ್ಲಿಷಿಗೆ ತಂದ ಒಬ್ಬರು ಅದನ್ನು ಬೆಟ್ಟಗಳಲ್ಲಿ ಮದುಮಗಳು ಅಂತ ಮಾಡಿದರು. ಇನ್ನೊಂದು ಅನುವಾದದಲ್ಲಿ ಬೆಟ್ಟಗಳ ಜೊತೆಗೆ ಮಳೆಯೂ ಸೇರಿಕೊಂಡಿತು. ಒಂದೇ ಪುಸ್ತಕ, ಆದರೆ ಈ ಎರಡು ಹೆಸರು ಓದಿ ಒಳಹೋಗುವವರು ಬೇರೆ ಬೇರೆ ಹವಾಮಾನದೊಳಗೆ ಹೋಗುತ್ತಾರೆ.

ಕುವೆಂಪು ಅವರದೇ ಇನ್ನೊಂದು ಹೆಸರಿದೆ. 1936ರಲ್ಲಿ ಬಂದಾಗ ಅದು ‘ಕಾನೂರು ಸುಬ್ಬಮ್ಮ ಹೆಗ್ಗಡಿತಿ’. ಆಮೇಲೆ ಸುಬ್ಬಮ್ಮ ಬಿಟ್ಟುಹೋಗಿ ‘ಕಾನೂರು ಹೆಗ್ಗಡಿತಿ’ ಉಳಿಯಿತು. ಸಣ್ಣ ಬದಲಾವಣೆ ಅನ್ನಿಸುತ್ತೆ ಅಲ್ವಾ? ಸುಬ್ಬಮ್ಮ ಇದ್ದಾಗ ಅದು ಒಬ್ಬ ಹೆಂಗಸಿನ ಹೆಸರು. ಚಂದ್ರಯ್ಯಗೌಡರ ಮೂರನೆಯ ಹೆಂಡತಿಯಾಗಿ ಬಂದ ಬಡವರ ಮನೆಯ ಹುಡುಗಿ. ಸುಬ್ಬಮ್ಮ ಹೋದ ಮೇಲೆ ಉಳಿದದ್ದು ಒಂದು ಪದವಿ, ಆ ದೊಡ್ಡ ಮನೆಯಲ್ಲಿ ಒಂದು ಜಾಗ. ನಾನು ಮೊದಲು ಓದಿದ್ದು ಚಿಕ್ಕ ಹೆಸರಿನ ಪ್ರತಿ. ಹೆಗ್ಗಡಿತಿ ಅಂದರೆ ಗತ್ತಿನ, ದರ್ಪದ ಹೆಂಗಸು ಇರಬೇಕು ಅಂದುಕೊಂಡಿದ್ದೆ. ಮೊದಲ ಭೇಟಿಯಲ್ಲಿ ಅವಳ ಬಗ್ಗೆ ನನಗೆ ಕರುಣೆ ಬರಲಿಲ್ಲ. ಆ ಹಳೆಯ ಹೆಸರಿನಿಂದಲೇ ಅವಳನ್ನು ಭೇಟಿಯಾಗಿದ್ದರೆ ನನ್ನ ಮನಸ್ಸು ಬೇರೆ ಇರುತ್ತಿತ್ತು. ಒಂದು ಪದ ಬಿಟ್ಟದ್ದರಿಂದ ಒಬ್ಬ ಹೆಂಗಸಿಗೆ ನಾನು ಎಷ್ಟೋ ಪುಟಗಳ ತನಕ ಅನ್ಯಾಯ ಮಾಡಿದೆ.

ವಿರೋಧ: ಹೆಸರಿಗೆ ಅರ್ಥ ಕೊಡುವುದು ಪುಸ್ತಕ

ನಾನು ಹುಟ್ಟಿ ಬೆಳೆದದ್ದು ದಕ್ಷಿಣ ಕನ್ನಡದಲ್ಲಿ. ನಮಗೆ ದುಡಿ ಅಂದರೆ ದುಡಿಯೇ. ಅದರ ಸದ್ದು ಕೇಳಿ ಬೆಳೆದವರು ನಾವು. ಕೊಡಗಿನವರಿಗೂ ಗೊತ್ತು, ಅಲ್ಲಿ ಮದುವೆಯ ಹಾಡಿಗೆ ದುಡಿ ಇರಲೇಬೇಕು. ಪರವಾಗಿ ಬರೆದ ಗೆಳೆಯರು ದುಡಿಮೆಯ ಕಥೆ ಅಂದುಕೊಂಡು ಪುಟ ತೆರೆದರು. ನಾನು ವಾದ್ಯದ ಕಥೆ ಅಂದುಕೊಂಡು ತೆರೆದೆ. ಒಂದೇ ಹೆಸರು, ಎರಡು ಮೊದಲ ಅನಿಸಿಕೆ. ಹಾಗಾದರೆ ಆ ಅನಿಸಿಕೆಯನ್ನು ಕಟ್ಟಿದ್ದು ಹೆಸರೋ, ನಾವು ಹುಟ್ಟಿದ ಊರೋ? ಅವರ ಅಪ್ಪ ಹೇಳುತ್ತಿದ್ದ ಮಾತು ಅವರ ಕಿವಿಯಲ್ಲಿತ್ತು. ನಮ್ಮೂರಿನ ಸದ್ದು ನನ್ನ ಕಿವಿಯಲ್ಲಿತ್ತು. ಹೆಸರು ಬರೀ ಒಂದು ಗೂಟ, ಅದಕ್ಕೆ ನಾವು ನಮ್ಮ ನಮ್ಮ ಅಂಗಿ ನೇತುಹಾಕಿದೆವು.

ಮುಖ್ಯ ಮಾತು ಅಂದರೆ, ಇಬ್ಬರೂ ಕೊನೆಗೆ ತಲುಪಿದ್ದು ಒಂದೇ ಕಡೆ. ಆ ಗುಡಿಸಲಿಗೆ. ಹೆಸರು ನಮ್ಮನ್ನು ಬೇರೆ ಬೇರೆ ದಾರಿಯಲ್ಲಿ ನಿಲ್ಲಿಸಿತ್ತು, ಕೈಹಿಡಿದು ಒಂದೆಡೆ ತಂದದ್ದು ಕಾರಂತರ ಬರವಣಿಗೆ.

ಹೆಸರು ಮೊದಲು ಬರುತ್ತದೆ ಅನ್ನುವುದೇ ಎಷ್ಟೋ ಸಲ ನಿಜ ಅಲ್ಲ. ನಮ್ಮೂರಿನ ಬಾಡಿಗೆ ಪುಸ್ತಕದ ಅಂಗಡಿಯಲ್ಲಿ ಅಮ್ಮನ ಜೊತೆ ನಿಂತಿದ್ದು ನನಗೆ ಚೆನ್ನಾಗಿ ನೆನಪಿದೆ. ಅಲ್ಲಿ ಯಾರೂ ‘ಶರಪಂಜರ ಕೊಡಿ’ ಅನ್ನುತ್ತಿರಲಿಲ್ಲ. ‘ತ್ರಿವೇಣಿ ಉಂಟಾ?’ ಅಂತ ಕೇಳುತ್ತಿದ್ದರು. ‘ಓದದ ಅನಕೃ ಯಾವುದಾದರೂ ಉಂಟಾ?’ ಅಂತ ಕೇಳುತ್ತಿದ್ದರು. ಪುಸ್ತಕ ಕೈಗೆ ಬಂದ ಮೇಲೆ ತಿರುಗಿಸಿ ದಪ್ಪ ನೋಡುವುದು. ಆಮೇಲೆ ಮೊದಲ ಪುಟದಲ್ಲಿ ಎರಡು ಸಾಲು. ಹೆಸರು ನೋಡುತ್ತಿದ್ದದ್ದು ಇದನ್ನು ಮೊದಲೇ ಓದಿದ್ದೇನಾ ಅಂತ ತಿಳಿಯಲು ಮಾತ್ರ. ಮೊದಲ ಅನಿಸಿಕೆಯನ್ನು ಕಟ್ಟಿದ್ದು ಬರೆದವರ ಹೆಸರು, ಬರೆದ ಪುಸ್ತಕದ ಹೆಸರಲ್ಲ. ಈಗಲೂ ಹಾಗೇ ಅಲ್ವಾ? ಅಕ್ಕ ಓದಿ ಅತ್ತಳು ಅಂತ ನಾವು ಓದುತ್ತೇವೆ. ಕಾಲೇಜಿನಲ್ಲಿ ಪಾಠಕ್ಕೆ ಇಟ್ಟರು ಅಂತ ಓದುತ್ತೇವೆ. ಸಿನಿಮಾ ನೋಡಿ ಓದುತ್ತೇವೆ.

ಸಿನಿಮಾದ ಮಾತು ಬಂತು. 1972ರ ‘ನಾಗರಹಾವು’ ಚಿತ್ರವನ್ನು ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಮಾಡಿದರು. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಮೂರು ಹೆಸರಿನ ಕೆಲಸವನ್ನು ಒಂದೇ ಹೆಸರು ಹೊತ್ತುಕೊಂಡಿತು. ಅದಾದ ಮೇಲೆ ಆ ಮೂರರಲ್ಲಿ ಯಾವ ಪುಸ್ತಕ ತೆರೆದರೂ ನಮಗೆ ಮೊದಲು ಕಾಣುವುದು ವಿಷ್ಣುವರ್ಧನ್ ಅವರ ಮುಖ, ದುರ್ಗದ ಕಲ್ಲುಗಳು. ಹೊದಿಕೆಯ ಮೇಲೆ ಏನೇ ಬರೆದಿರಲಿ.

ಗೆಳೆಯರು ‘ಗೃಹಭಂಗ’ದ ಬಗ್ಗೆ ಮನಸ್ಸಿಟ್ಟು ಬರೆದಿದ್ದಾರೆ. ನಂಜಮ್ಮನಿಗಾಗಿ ನಾನೂ ಹಾಗೇ ಹೆದರಿದ್ದೆ. ಆದರೆ ಆ ಹೆದರಿಕೆ ಹೆಸರಿನಿಂದ ಬಂದದ್ದು ಅಂತ ನಾನು ಒಪ್ಪಲಾರೆ. ಮೊದಲ ಪುಟಗಳಲ್ಲೇ ನಂಜಮ್ಮನ ಅತ್ತೆಯಾಗಲಿರುವ ಗಂಗಮ್ಮ ಬಾಯಿ ತೆರೆಯುತ್ತಾಳೆ. ಮಕ್ಕಳನ್ನು ಅವಳು ಬೈಯುವ ಬೈಗುಳ ಕೇಳಿದರೆ ಸಾಕು. ಈ ಮನೆ ಮುಂದೆಂದೋ ಮುರಿಯುವುದಲ್ಲ, ಆಗಲೇ ಮುರಿದಿದೆ ಅಂತ ಗೊತ್ತಾಗುತ್ತದೆ. ಅಂಥ ಮನೆಗೆ ಒಬ್ಬ ಹುಡುಗಿ ಸೊಸೆಯಾಗಿ ಬರುತ್ತಾಳೆ ಅಂದಾಗಲೇ ಎದೆ ಧಸಕ್ ಅನ್ನುತ್ತದೆ. ಇದನ್ನು ಮಾಡಿದ್ದು ಗಂಗಮ್ಮನ ನಾಲಿಗೆ. ಹೆಸರು ಕಿತ್ತುಹಾಕಿ ಯಾರಿಗಾದರೂ ಮೊದಲ ಅಧ್ಯಾಯ ಓದಿ ಹೇಳಿ, ಅವರೂ ಹೆದರುತ್ತಾರೆ.

‘ಮಲೆಗಳಲ್ಲಿ ಮದುಮಗಳು’ ವಿಷಯದಲ್ಲಂತೂ ಸ್ವತಃ ಕುವೆಂಪು ಅವರೇ ನನ್ನ ಕಡೆ ಇದ್ದಾರೆ. ಹೆಸರು ಒಬ್ಬ ಮದುಮಗಳನ್ನು ಮುಂದೆ ನಿಲ್ಲಿಸುತ್ತದೆ. ಆದರೆ ಕಥೆಗೆ ಮೊದಲು ಅವರು ಬರೆದ ಮಾತು, ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರೂ ಅಲ್ಲ ಅಂತ. ಹೆಸರು ಕಟ್ಟಿದ ಅನಿಸಿಕೆಯನ್ನು ಬರೆದವರೇ ಬಾಗಿಲಲ್ಲಿ ಬಿಡಿಸಿ ಇಟ್ಟ ಹಾಗಾಯಿತು. ಒಳಗೆ ಹೋದರೆ ಮದುಮಗಳು ತಕ್ಷಣ ಸಿಗುವುದೂ ಇಲ್ಲ. ಗುತ್ತಿ ಸಿಗುತ್ತಾನೆ, ಅವನ ನಾಯಿ ಹುಲಿಯ ಸಿಗುತ್ತದೆ. ಆ ನಾಯಿಯ ಹಿಂದೆ ಕಾಡಿನ ದಾರಿಯಲ್ಲಿ ನಡೆದುಬಿಡುತ್ತೇವೆ. ಚಿನ್ನಮ್ಮ ಮದುವೆಯ ಹಿಂದಿನ ರಾತ್ರಿ ಮನೆ ಬಿಟ್ಟು ಓಡಿಹೋಗುವುದು ಬಹಳ ಮುಂದೆ. ಅದೂ ಅಲ್ಲದೆ ಯಾರು ಮದುಮಗಳು? ಚಿನ್ನಮ್ಮನೊಬ್ಬಳೇನಾ? ಗುತ್ತಿಯ ಜೊತೆ ಹೊರಟ ತಿಮ್ಮಿಯನ್ನು ಏನಂತ ಕರೆಯೋಣ? ನಮ್ಮ ಮನೆಯಲ್ಲಿ ಇದನ್ನು ಓದಿದವರೆಲ್ಲ ಕೊನೆಗೆ ಮಾತಾಡಿದ್ದು ತುಂಗೆಯ ಪ್ರವಾಹದಲ್ಲಿ ಕೊಚ್ಚಿಹೋದ ಹುಲಿಯನ ಬಗ್ಗೆ. ಮಾವ ಅದನ್ನು ‘ಹುಲಿಯನ ಪುಸ್ತಕ’ ಅಂತಲೇ ಕರೆಯುತ್ತಿದ್ದರು. ಅದು ತಪ್ಪು ಅಂತ ನಾನು ಹೇಳಲಾರೆ.

ಇನ್ನು ‘ಇಂದಿರಾಬಾಯಿ’. ‘ಅಥವಾ’ ಬಾಗಿಲಲ್ಲಿ ಕೈಮುಗಿದು ನಿಂತಿದೆ ಅನ್ನುವ ಮಾತು ನನಗೆ ಇಷ್ಟವಾಯಿತು. ಆದರೆ ಇವತ್ತು ಆ ಪುಸ್ತಕವನ್ನು ಪೂರ್ತಿ ಹೆಸರು ಹಿಡಿದು ಯಾರು ಕರೆಯುತ್ತಾರೆ? ಓದುಗರನ್ನು ಸರಿದಾರಿಗೆ ಹಚ್ಚಲು ಇಟ್ಟ ಅರ್ಧವೇ ಉದುರಿಹೋಯಿತು. ಹುಡುಗಿ ಉಳಿದಳು. ಕಾನೂರಿನಲ್ಲಿ ಸುಬ್ಬಮ್ಮನ ಹೆಸರು ಹೋಯಿತು, ಆದರೆ ಸುಬ್ಬಮ್ಮ ಹೋಗಲಿಲ್ಲ. ಎಷ್ಟೋ ಪುಟಗಳ ತನಕ ಅವಳಿಗೆ ಅನ್ಯಾಯ ಮಾಡಿದೆ ಅಂತ ಗೆಳೆಯರು ಬರೆದಿದ್ದಾರೆ. ಆಮೇಲೆ ಆ ಅನ್ಯಾಯವನ್ನು ತಿದ್ದಿದವರು ಯಾರು? ಹೆಸರೇನೂ ಬದಲಾಗಲಿಲ್ಲವಲ್ಲ. ಕಥೆಯೇ ತಿದ್ದಿತು.

ಹೆಸರು ದಾರಿ ತಪ್ಪಿಸುವುದೂ ಉಂಟು, ಆಗಲೂ ಏನೂ ಕೆಡುವುದಿಲ್ಲ. ‘ಮೂಕಜ್ಜಿಯ ಕನಸುಗಳು’ ಅಂದರೆ ಮಾತು ಬಾರದ ಅಜ್ಜಿ ಅಂತ ನಾನು ತಿಳಿದಿದ್ದೆ. ಪುಸ್ತಕ ತೆರೆದರೆ ಅಜ್ಜಿಯ ಹೆಸರು ಮೂಕಾಂಬಿಕೆ! ಕೊಲ್ಲೂರಿನ ದೇವಿಯ ಹೆಸರು ಬಾಯಲ್ಲಿ ಸವೆದು ಮೂಕಿ ಆಗಿದೆ. ಆ ಅಜ್ಜಿಯೋ ಮೊಮ್ಮಗ ಸುಬ್ಬರಾಯನ ಜೊತೆ ದೇವರು, ಗಂಡು ಹೆಣ್ಣು, ಸಾವಿರಾರು ವರ್ಷದ ಹಿಂದಿನ ಮನುಷ್ಯರು ಅಂತ ಏನೆಲ್ಲ ಮಾತಾಡುತ್ತಾಳೆ. 1977ರಲ್ಲಿ ಕಾರಂತರಿಗೆ ಜ್ಞಾನಪೀಠ ತಂದುಕೊಟ್ಟ ಅಜ್ಜಿ ಅವಳು. ನನ್ನ ಮೊದಲ ಅನಿಸಿಕೆ ಬಾಳಿದ್ದು ಅವಳು ಬಾಯಿ ತೆರೆಯುವ ತನಕ ಮಾತ್ರ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯದೂ ಇದೇ ಕಥೆ. ಹೂವಿನಂಥ ಹೆಸರು. ಒಳಗೆ ಇರುವುದು ನಂಜನಗೂಡು ಕಡೆಯ ಆಡುಮಾತು, ನನ್ನಂಥ ಕರಾವಳಿಯವಳಿಗೆ ಎರಡೆರಡು ಸಲ ಓದಬೇಕಾದ ಮಾತು. ಆ ಮಾತಿಗೆ ಕಿವಿ ಹೊಂದಿಸಿಕೊಳ್ಳಲು ಹೆಸರು ನನಗೆ ಯಾವ ಸಹಾಯವನ್ನೂ ಮಾಡಲಿಲ್ಲ. ಜೋರಾಗಿ ಓದಿಕೊಂಡೆ, ಆಗ ತೆರೆದುಕೊಂಡಿತು.

ಅರ್ಥವೇ ಇಲ್ಲದ ಹೆಸರೂ ಇದೆಯಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಯಾವ ನಿಘಂಟಿನಲ್ಲೂ ಈ ಪದ ಇಲ್ಲ. ಹೊದಿಕೆ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಕಥೆಯೊಳಗೆ ಅದು ಒಂದು ಮನೆಯವರು ತಮ್ಮತಮ್ಮೊಳಗೆ ಆಡಿಕೊಳ್ಳುವ ಪದ, ಬಿಡಿಸಲಾಗದ ಗಂಟಿಗೆ ಅವರು ಇಟ್ಟ ಹೆಸರು. ಹೊಸದಾಗಿ ಮದುವೆಯಾದ ಅನಿತಾ ಅದನ್ನು ಗಂಡನಿಗೆ ಕೊಡುತ್ತಾಳೆ. ಆಗಲೇ ನಮಗೂ ಸಿಗುತ್ತದೆ. ಆಮೇಲೆ ಆ ಕುಟುಂಬದ ಹಣ, ಆ ಮನೆಯ ಹೆಂಗಸರು, ಮುಚ್ಚಿಟ್ಟ ಭಯ ಎಲ್ಲವೂ ಆ ಪದದೊಳಗೆ ಬಂದು ಕೂರುತ್ತವೆ. ಪುಸ್ತಕ ಮುಗಿಸಿದ ಮೇಲೆ ಆ ಹೆಸರು ನೋಡಿದರೆ ಮೈ ಜುಮ್ ಅನ್ನುತ್ತದೆ. ಖಾಲಿ ಪಾತ್ರೆಯನ್ನು ಕಥೆ ತುಂಬಿತು. ಶ್ರೀನಾಥ್ ಪೇರೂರ್ ಇಂಗ್ಲಿಷಿಗೆ ತಂದಾಗ ಈ ಪದವನ್ನು ಹಾಗೇ ಬಿಟ್ಟರು. ಕನ್ನಡ ಬಾರದವರಿಗೂ ಕನ್ನಡಿಗರಿಗೂ ಆ ಹೆಸರಿನ ಎದುರು ಒಂದೇ ಸ್ಥಿತಿ. ಆದರೂ ಎರಡೂ ಕಡೆ ಓದುಗರು ಅದನ್ನು ಪ್ರೀತಿಸಿದರು.

ಹೆಸರಿನ ಬಗ್ಗೆ ನಮಗೆ ಇಷ್ಟೊಂದು ನಂಬಿಕೆ ಎಲ್ಲಿಂದ ಬಂತು ಅಂತ ಯೋಚಿಸಿದ್ದೇನೆ. ಬಹುಶಃ ಕಾಲೇಜಿನ ಪರೀಕ್ಷೆಯಿಂದ. ‘ಕಾದಂಬರಿಯ ಶೀರ್ಷಿಕೆಯ ಔಚಿತ್ಯವನ್ನು ಚರ್ಚಿಸಿ’ ಅನ್ನುವ ಪ್ರಶ್ನೆಗೆ ಉತ್ತರ ಬರೆಯದ ಕನ್ನಡ ವಿದ್ಯಾರ್ಥಿ ಯಾರಿದ್ದಾರೆ? ಹತ್ತು ಅಂಕದ ಪ್ರಶ್ನೆ. ಪೂರ್ತಿ ಪುಸ್ತಕ ಓದಿ, ಕೊನೆಯಿಂದ ಹಿಂದೆ ತಿರುಗಿ, ಹೆಸರು ಹೇಗೆ ಸರಿಹೊಂದುತ್ತದೆ ಅಂತ ತೋರಿಸಬೇಕು. ಹೆಸರು ಓದಿದಾಗ ನಿನಗೆ ಏನನ್ನಿಸಿತ್ತು ಅಂತ ಯಾವ ಪ್ರಶ್ನೆಪತ್ರಿಕೆಯೂ ನನ್ನನ್ನು ಕೇಳಲಿಲ್ಲ. ‘ಸಂಸ್ಕಾರ’ದ ಮೂರು ಅರ್ಥಗಳನ್ನು ನಾನೂ ಹಾಗೇ ಬರೆದು ಅಂಕ ಪಡೆದಿದ್ದೇನೆ. ಆದರೆ ಮೊದಲ ಸಲ ಅದನ್ನು ಕೈಗೆ ತೆಗೆದುಕೊಂಡಾಗ ಆ ಮೂರು ಅರ್ಥ ನನ್ನ ತಲೆಯಲ್ಲಿ ಇರಲಿಲ್ಲ. ಯಾವುದೋ ಪೂಜೆ ಪುನಸ್ಕಾರದ ಪುಸ್ತಕ ಅಂದುಕೊಂಡಿದ್ದೆ. ಅರ್ಥಗಳೆಲ್ಲ ಆಮೇಲೆ ಬಂದವು, ಒಂದೊಂದಾಗಿ, ಅಗ್ರಹಾರದ ಬೀದಿಯಲ್ಲಿ ನಡೆದಾದ ಮೇಲೆ.

ಒಂದು ಪುಸ್ತಕವನ್ನು ನಾನು ಹೆಸರೇ ಇಲ್ಲದೆ ಓದಿದ್ದೇನೆ. ಅಜ್ಜನ ಮನೆಯ ಅಟ್ಟದಲ್ಲಿ ಸಿಕ್ಕಿದ್ದು. ಹೊದಿಕೆ ಇರಲಿಲ್ಲ, ಮೊದಲ ಕೆಲವು ಹಾಳೆಗಳೂ ಇರಲಿಲ್ಲ. ಗೆದ್ದಲು ತಿಂದಿತ್ತೋ, ಯಾರೋ ಹರಿದಿದ್ದರೋ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ಒಬ್ಬ ದಾರಿ ತಪ್ಪಿದ್ದಾನೆ. ಕತ್ತಲಾಗುತ್ತಿದೆ. ಇಬ್ಬರು ಸಿಕ್ಕಿ ಅವನನ್ನು ಒಂದು ಮನೆಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಗೋಪಾಲಯ್ಯ ಅನ್ನುವ ಮುದುಕರು, ಅವರ ಹೆಂಡತಿ ಶಂಕರಮ್ಮ. ಬಂದವನಿಗೆ ಬಿಸಿನೀರು, ಊಟ, ಮಾತು. ಕಾಡು ಕಡಿದು ತೋಟ ಮಾಡಿದ ಮನುಷ್ಯ. ಮನೆ ಬಿಟ್ಟುಹೋದ ಒಬ್ಬ ಮಗ ಇದ್ದಾನೆ, ಅವನ ಮಾತು ಬಂದಾಗ ಮಾತ್ರ ಮನೆ ತಣ್ಣಗಾಗುತ್ತದೆ. ನಾನು ಎರಡು ದಿನದಲ್ಲಿ ಓದಿ ಮುಗಿಸಿದೆ. ಗೋಪಾಲಯ್ಯನವರು ನನ್ನ ಇನ್ನೊಬ್ಬ ಅಜ್ಜ ಆಗಿಬಿಟ್ಟರು. ಪುಸ್ತಕದ ಹೆಸರೇನು, ಬರೆದವರು ಯಾರು, ಏನೂ ಗೊತ್ತಿಲ್ಲ.

ಎಷ್ಟೋ ವರ್ಷದ ಮೇಲೆ ಗ್ರಂಥಾಲಯದಲ್ಲಿ ‘ಬೆಟ್ಟದ ಜೀವ’ ತೆರೆದೆ. ನಾಲ್ಕನೆಯ ಪುಟಕ್ಕೆ ಬಂದಾಗ ಕಣ್ಣು ತುಂಬಿತು. ಒಳ್ಳೆಯ ಹೆಸರು, ಅದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಆದರೆ ಅದು ಗೋಪಾಲಯ್ಯನವರ ಬಗ್ಗೆ ನನಗೆ ಹೊಸದೇನನ್ನೂ ಹೇಳಲಿಲ್ಲ. ಬಸ್ಸಿನಲ್ಲಿ ದಿನವೂ ನಕ್ಕು ಮಾತಾಡಿಸುತ್ತಿದ್ದ ಒಬ್ಬರ ಹೆಸರು ಕೊನೆಗೊಂದು ದಿನ ಗೊತ್ತಾದ ಹಾಗಿತ್ತು.

ಅದಾದ ಮೇಲೆ ನನಗೊಂದು ಅಭ್ಯಾಸ ಆಗಿದೆ. ಅಣ್ಣನ ಮಗನಿಗೆ ಓದಲು ಪುಸ್ತಕ ಕೊಡುವಾಗ ಶಾಲೆಯ ಪುಸ್ತಕಕ್ಕೆ ಹಾಕುವ ಹಾಗೆ ಕಂದು ಕಾಗದದ ಬೈಂಡ್ ಹಾಕಿ ಕೊಡುತ್ತೇನೆ. ಒಳಗಿನ ಹೆಸರಿನ ಪುಟಕ್ಕೂ ಕಾಗದ ಅಂಟಿಸುತ್ತೇನೆ. ಹೋದ ರಜೆಯಲ್ಲಿ ತೇಜಸ್ವಿಯವರ ‘ಕರ್ವಾಲೊ’ ಕೊಟ್ಟೆ. ವಿಜ್ಞಾನಿ ಕರ್ವಾಲೊ, ಹಳ್ಳಿಯ ಹುಡುಗ ಮಂದಣ್ಣ, ನಾಯಿ ಕಿವಿ, ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೊರಟ ಆ ಗುಂಪು. ಅರ್ಧ ಓದಿದವನು ಓಡಿ ಬಂದು, ‘ಅತ್ತೆ, ಇದರ ಹೆಸರೇನು?’ ಅಂತ ಕೇಳಿದ. ‘ಓದಿ ಮುಗಿಸಿ ನೀನೇ ಇಡು’ ಅಂದೆ. ಅವನು ಹಾರುವ ಓತಿ ಅಂತ ಇಡುತ್ತಾನೆ ಅಂದುಕೊಂಡಿದ್ದೆ. ಪುಸ್ತಕ ವಾಪಸ್ ಬಂದಾಗ ಕಂದು ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ದೊಡ್ಡದಾಗಿ ‘ಮಂದಣ್ಣ’ ಅಂತ ಬರೆದಿತ್ತು. ಆ ಬೈಂಡನ್ನು ನಾನಿನ್ನೂ ತೆಗೆದಿಲ್ಲ.